ಒಂದೇ ಮನೆಯ ಗಂಜಿ

ನಮ್ಮ ನಾಡೆಂದರೆ ಒಂದೇ ಬೀದಿ. ಅದು ದೋಣಿಕಟ್ಟೆಯಲ್ಲಿ ಶುರುವಾಗಿ ಗುಡ್ಡದ ನೆತ್ತಿಯಲ್ಲಿ ಮುಗಿಯುತ್ತದೆ. ಎಡಕ್ಕೊಂದು ಬಲಕ್ಕೊಂದು ಎಂದು ಎಣಿಸುತ್ತ ಏರಿದರೆ ನೂರಾ ನಾಲ್ಕು ಮನೆ. ನೀರಿನಂಚಿನದು ಮೊದಲ ಮನೆ. ನಮ್ಮದು ಮೂವತ್ತೊಂದನೆಯದು. ಇಷ್ಟು ಸಣ್ಣ ನಾಡಿಗೆ ಬಾವುಟ ಬೇರೆ ಕೇಡು ಎಂದು ದೊಡ್ಡ ದೇಶದವರು ನಗುತ್ತಾರಂತೆ. ನಗಲಿ. ನಾಲ್ಕು ವರ್ಷಕ್ಕೊಮ್ಮೆ ಲೋಕದ ದೇಶಗಳೆಲ್ಲ ಸೇರಿ ಆಡುವ ಮಹಾಕೂಟಕ್ಕೆ ನಾವೂ ಹನ್ನೊಂದು ಜನರನ್ನು ಕಳಿಸುತ್ತೇವೆ. ಓಡುವವರು, ಈಜುವವರು, ಒಬ್ಬ ಕುಸ್ತಿಯವನು, ಒಬ್ಬ ಈಟಿಯವನು, ಒಬ್ಬ ಬಿಲ್ಲಿನವನು, ಒಬ್ಬಳು ಸೈಕಲ್ಲಿನವಳು. ಗೆದ್ದು ಬರಲಿ ಎಂದು ಕಳಿಸುವುದಿಲ್ಲ. ನೋಡಿಕೊಂಡು ಬರಲಿ ಎಂದು ಕಳಿಸುತ್ತೇವೆ.

ಹಿಂದಿನಿಂದ ಬಂದ ಕಟ್ಟಳೆ ಹೀಗಿದೆ. ಕೂಟದಲ್ಲಿ ಎಷ್ಟನೆಯವರಾಗಿ ಬಂದರೋ ಅಷ್ಟು ಮನೆಗಳಲ್ಲಿ ಗಂಜಿ ಕುಡಿಯಬೇಕು. ಹದಿನೇಳನೆಯವನಿಗೆ ಹದಿನೇಳು ಮನೆ, ಅರವತ್ತೊಂದನೆಯವಳಿಗೆ ಅರವತ್ತೊಂದು ಮನೆ. ಪ್ರತಿ ಮನೆಯಲ್ಲೂ ಮೊದಲು ಕಾಲು, ಆಮೇಲೆ ಗಂಜಿ, ಆಮೇಲೆ ಮಾತು. ಮನೆಯವರು ಬಿಸಿನೀರಿನಲ್ಲಿ ಬಂದವರ ಕಾಲು ತೊಳೆದು, ಗಂಜಿ ಕೊಟ್ಟು, ಎದುರಿಗೆ ಕೂರುತ್ತಾರೆ. ಬಂದವರು ತಮಗಿಂತ ಮುಂದಿದ್ದವರ ಬಗ್ಗೆ ಹೇಳುತ್ತಾರೆ. ಮೊದಲ ಮನೆಯಲ್ಲಿ ಮೊದಲನೆಯವರದ್ದು, ಎರಡನೆಯ ಮನೆಯಲ್ಲಿ ಎರಡನೆಯವರದ್ದು. ಹೀಗೆ ಏರುತ್ತ ಏರುತ್ತ ತಮ್ಮ ಸಂಖ್ಯೆಯ ಮನೆ ಬಂದಾಗ, ಕಟ್ಟಕಡೆಗೆ, ತಮ್ಮದು. ಅಲ್ಲಿ ಮಾತ್ರ 'ನಾನು' ಎಂದು ಶುರುಮಾಡಬಹುದು.

ಹೇಳಿ ಮುಗಿಯುವ ತನಕ ಅವರು ದಾರಿಯವರು. ದಾರಿಯವರನ್ನು ಮನೆಯವರು ಸಂಬಂಧ ಹಿಡಿದು ಕರೆಯುವುದಿಲ್ಲ. ಕರೆದರೂ ಪ್ರಯೋಜನವಿಲ್ಲ. ಹೇಳದೆ ಬಂದವರು ತಮ್ಮ ಮನೆಯ ಹೊಸ್ತಿಲು ದಾಟಿದರೆ ಮತ್ತೆ ಅಂಗಳದಲ್ಲೇ ಇರುತ್ತಾರೆ. ಬಲಗಾಲು ಒಳಗಿಟ್ಟು, ಎಡಗಾಲು ಒಳಗಿಟ್ಟು, ಕಣ್ಣೆತ್ತಿದರೆ ಎದುರಿಗೆ ಅದೇ ಬಾಗಿಲು. ಬೇರೆಯವರ ಮನೆಗೆ ಹೋಗಬಹುದು, ಬರಬಹುದು. ತಮ್ಮ ಮನೆ ಮಾತ್ರ ಒಲಿಯುವುದಿಲ್ಲ. ಯಾಕೆ ಎಂದು ಕೇಳಬೇಡಿ. ನಮ್ಮಲ್ಲಿ ನೀರು ಇಳಿಜಾರಿಗೆ ಹರಿಯುತ್ತದೆ, ಹೇಳದವರು ಮನೆಯೊಳಗೆ ಹೋಗಲಾರರು, ಅಷ್ಟೇ.

ಈ ಕಟ್ಟಳೆಯಿಂದ ನಮಗೇನೂ ನಷ್ಟವಾಗಿಲ್ಲ. ಲೋಕದಲ್ಲಿ ಎಲ್ಲರೂ ಗೆದ್ದವರ ಹೆಸರು ಬಲ್ಲರು. ನಮಗೆ ಇಪ್ಪತ್ತೆಂಟನೆಯವನ ಕೆಮ್ಮು ಗೊತ್ತು. ನಲವತ್ತನೆಯವಳು ಓಡುವಾಗ ತುಟಿಯಲ್ಲೇ ಲೆಕ್ಕ ಹೇಳಿಕೊಳ್ಳುತ್ತಾಳೆ ಎಂದು ಗೊತ್ತು. ನಮ್ಮ ಮನೆಗೆ ಹೀಗೆ ಮಾತಿನಲ್ಲಿ ಬಂದ ಮೂವತ್ತೊಂದನೆಯವರೇ ಈವರೆಗೆ ಹದಿನಾಲ್ಕು ಜನ. ಅವರಲ್ಲೊಬ್ಬ ಉದ್ದ ಜಿಗಿತದವನು ಪ್ರತಿ ಜಿಗಿತಕ್ಕೂ ಮುಂಚೆ ಮರಳಿನಲ್ಲಿದ್ದ ಇರುವೆಯನ್ನು ಬದಿಗೆ ಸರಿಸುತ್ತಿದ್ದನಂತೆ. ಅವನು ಯಾವ ದೇಶದವನೋ ಈಗ ನನಗೆ ಮರೆತಿದೆ. ಆದರೆ ಅವನ ದೇಶದಲ್ಲಿ ಭೂಕಂಪವಾಯಿತು ಎಂದು ದೋಣಿಯವರು ಹೇಳಿದ ದಿನ ನನ್ನ ಹೆಂಡತಿ ಒಲೆ ಹಚ್ಚಲಿಲ್ಲ.

ಎಲ್ಲಕ್ಕಿಂತ ಬಡವಾದದ್ದು ಮೊದಲ ಮನೆ. ಅಲ್ಲಿ ಒಬ್ಬ ಅಜ್ಜಿ ಇದ್ದಾಳೆ, ಒಂಟಿ, ಗಟ್ಟಿಮುಟ್ಟು, ಮಾತಿಗೆ ಮುಲಾಜಿಲ್ಲ. ಬೀದಿಯಲ್ಲಿ ಅತಿ ಹೆಚ್ಚು ಕಾಲು ತೊಳೆದವಳು ಅವಳು, ಅತಿ ಕಡಿಮೆ ಕೇಳಿದವಳೂ ಅವಳೇ. ನಮ್ಮವರು ಯಾವಾಗಲೂ ಬಹಳ ಹಿಂದೆ. ಮೊದಲನೆಯವರು ಅವರಿಗೆ ಕಂಡರೆ ಎಷ್ಟು ಕಂಡಾರು? ಒಂದು ಬೆನ್ನು, ಅದೂ ಕಡಲೆಕಾಳಿನಷ್ಟು. "ಕೆಂಪಂಗಿ ಹಾಕಿದ್ದ ಕಣಜ್ಜಿ. ಹೋದ." ಅಷ್ಟು ಹೇಳಿ ಗಂಜಿ ಮುಗಿಸಿ ಎರಡನೆಯ ಮನೆಗೆ ಏಳುತ್ತಾರೆ. ಐವತ್ತು ವರ್ಷದಿಂದ ಅಜ್ಜಿಯ ಪಾಲಿಗೆ ಬಂದದ್ದು ಇಷ್ಟೇ. 'ಹೋದ', 'ಹೋದಳು'. ಅವಳ ಜಗಲಿಯಲ್ಲಿ ಕೂತು 'ನಾನು' ಎಂದವರು ಒಬ್ಬರೂ ಇಲ್ಲ.

ಈ ಸಲ ಹನ್ನೊಂದು ಜನ ಹಿಂತಿರುಗಿದ್ದು ಒಂದು ಬೆಳಗಿನ ದೋಣಿಯಲ್ಲಿ. ಬೀದಿಯೆಲ್ಲ ಕಟ್ಟೆಗೆ ಇಳಿದಿತ್ತು. ಫಲಿತಾಂಶ ಓದುವವನು ಕಲ್ಲಿನ ಮೇಲೆ ಹತ್ತಿ, ಗಂಟಲು ಸರಿಮಾಡಿಕೊಂಡು, ಕಾಗದ ಬಿಚ್ಚಿದ.

"ಕುಸ್ತಿಯವನು, ಹದಿನೇಳು."

"ಹದಿನೇಳು," ಎಂದೆವು ನಾವೆಲ್ಲ. ಹಾಗೆ ಒಪ್ಪಿಕೊಳ್ಳುವುದು ಪದ್ಧತಿ.

"ಈಜುವವಳು, ಇಪ್ಪತ್ತೊಂಬತ್ತು. ಈಟಿಯವನು, ಇಪ್ಪತ್ತೆರಡು. ಬಿಲ್ಲಿನವನು, ನಲವತ್ತನಾಲ್ಕು."

ನಲವತ್ತನಾಲ್ಕು ಎನ್ನುವಾಗ ದನಿ ಏರಿತು. ನಲವತ್ತನಾಲ್ಕು ಮನೆಯೆಂದರೆ ಸಣ್ಣ ಮಾತಲ್ಲ. ಸೈಕಲ್ಲಿನವಳು ಎಪ್ಪತ್ತಮೂರು ಎಂದಾಗಲಂತೂ ಶಿಳ್ಳೆ ಬಿತ್ತು. ಪಾಪ, ಹುಡುಗಿ ನಾಚಿಕೊಂಡು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಕೊನೆಯ ಹೆಸರು ದೂರದ ಓಟದವಳದ್ದು. ಅವಳ ಮನೆ ನಮ್ಮ ಮನೆಗೆ ಎದುರು, ಮೂವತ್ತೆರಡನೆಯದು. ಅವಳು ಹೊರಟಾಗ ಮಗಳಿಗೆ ಇನ್ನೂ ಮಾತು ಬಂದಿರಲಿಲ್ಲ. ಹೋಗಿ ಬರುವಷ್ಟರಲ್ಲಿ ವರ್ಷ ಕಳೆದು, ಮಗು ಈಗ ಅಪ್ಪನ ಹೆಗಲ ಮೇಲೆ ಕೂತು ಕಂಡಕಂಡದ್ದಕ್ಕೆಲ್ಲ ಹೆಸರಿಡುತ್ತಿತ್ತು. ಓಟದವಳ ಕಣ್ಣು ಮಗುವನ್ನು ಬಿಟ್ಟು ಆಚೆ ಈಚೆ ಹೋಗಲಿಲ್ಲ.

"ದೂರದ ಓಟದವಳು," ಎಂದ ಓದುವವನು. ಕಾಗದ ತಿರುಗಿಸಿದ. ಬಿಸಿಲಿಗೆ ಹಿಡಿದ. "ಇಲ್ಲಿ ಬರೀ ಒಂದು ಅಂತದೆ."

"ಪಕ್ಕದ ಅಂಕಿ ಅಳಿಸೋಗಿರ್ಬೇಕು ನೋಡು," ಎಂದರು ಯಾರೋ.

"ಉಪ್ಪುಗಾಳಿ ಕಣಪ್ಪ, ಶಾಯಿ ತಿಂದಾಕ್ತದೆ."

ಹನ್ನೊಂದಿರಬೇಕು ಎಂದರು ಕೆಲವರು. ಅವಳು ಹಿಂದಿನ ಕೂಟದಲ್ಲಿ ಐವತ್ತೆರಡು, ಒಂದೇ ಸಲಕ್ಕೆ ಹನ್ನೊಂದಕ್ಕೆ ಹೇಗೆ ಬಂದಾಳು, ಐವತ್ತೊಂದೇ ಸರಿ ಎಂದರು ಉಳಿದವರು. ಐವತ್ತೊಂದೆಂದರೆ ನಮ್ಮ ಮನೆಗೂ ಬಂದೇ ಬರುತ್ತಾಳೆ. ನನ್ನ ಹೆಂಡತಿ ಆಗಲೇ ಓಡಿದಳು, ಒಲೆಯ ಮೇಲೆ ಅಕ್ಕಿ ಇಡಲಿಕ್ಕೆ. ಅವಳ ಹಿಂದೆ ಐವತ್ತು ಮನೆಯ ಹೆಂಗಸರು ಓಡಿದರು. ಬೀದಿಯ ಉದ್ದಕ್ಕೂ ಹೊಗೆ ಎದ್ದಿತು.

"ಅಳಿಸಿಲ್ಲ," ಎಂದಳು ಓಟದವಳು. ಚೀಲದಿಂದ ಒಂದು ಚಿನ್ನದ ಬಿಲ್ಲೆ ತೆಗೆದು ತೋರಿಸಿದಳು. ತಪ್ಪು ಒಪ್ಪಿಸುವ ಹಾಗೆ ತೋರಿಸಿದಳು. "ಒಂದೇ."

ಯಾರೂ ಕೂಗಲಿಲ್ಲ. ಶಿಳ್ಳೆಯೂ ಇಲ್ಲ. ಒಬ್ಬ ಮುದುಕಿ ಎದೆಯ ಮೇಲೆ ಕೈಯಿಟ್ಟುಕೊಂಡು, "ಅಯ್ಯೋ ನನ್ನವ್ವ, ಒಂದೇ ಮನೆಯಾ?" ಎಂದಳು. ನಿಜ ಹೇಳಬೇಕೆಂದರೆ ನನಗೆ ಸಿಟ್ಟೇ ಬಂತು. ಮೂವತ್ತೊಂದನೆಯವಳು ಹೇಗಿದ್ದಳೋ ಎಂದು ವರ್ಷವೆಲ್ಲ ಕಾದವನು ನಾನು. ಇವಳು ಎಲ್ಲರನ್ನೂ ಹಿಂದೆ ಬಿಟ್ಟು ಬಂದಿದ್ದಾಳೆ, ಒಬ್ಬರನ್ನೂ ನೋಡಿಲ್ಲ. ಮನೆಗೆ ಬಂದರೆ ಗಂಜಿ ಉಕ್ಕಿ ಒಲೆಯೆಲ್ಲ ಹಾಳಾಗಿತ್ತು.

ಅಜ್ಜಿ ಮಾತ್ರ ಬಾಗಿಲಲ್ಲಿ ನೀರು ಕಾಯಿಸಿಕೊಂಡು ನಿಂತಿದ್ದಳು. ಮೊದಲು ಕಾಲು, ಆಮೇಲೆ ಗಂಜಿ, ಆಮೇಲೆ ಮಾತು. ಕಾಲು ತೊಳೆದಳು. ಗಂಜಿ ಕೊಟ್ಟಳು. ಎದುರಿಗೆ ಕೂತಳು. ಐವತ್ತು ವರ್ಷದಲ್ಲಿ ಮೊದಲ ಸಲ ಮೊದಲನೆಯವರಿಗೆ ಒಂದು ಮುಖವಿತ್ತು, ಅದು ಅವಳ ಜಗಲಿಯಲ್ಲೇ ಇತ್ತು.

"ಹೇಳವ್ವ."

"ನಾನು," ಎಂದಳು ಓಟದವಳು. ಅಲ್ಲಿಗೇ ನಿಂತಿತು. ಗಂಜಿಯ ಬಟ್ಟಲು ಕೆಳಗಿಟ್ಟು, "ಓಡ್ದೆ," ಎಂದಳು.

"ಆಮೇಲೆ?"

"ಅಷ್ಟೇ ಅಜ್ಜಿ. ನನ್ನ ಬೆನ್ನು ನಂಗೆ ಹ್ಯಾಗೆ ಕಾಣ್ತದೆ?"

ಎದ್ದು ಬೀದಿ ಹತ್ತಿದಳು. ಒಂದೊಂದು ಮನೆಯ ಮುಂದೂ ಒಂದೊಂದು ಪಾತ್ರೆ ಗಂಜಿ ಆರುತ್ತ ಇತ್ತು. ತನ್ನ ಅಂಗಳಕ್ಕೆ ಬಂದು, ಬಲಗಾಲು ಒಳಗಿಟ್ಟು, ಎಡಗಾಲು ಒಳಗಿಟ್ಟು, ಕಣ್ಣೆತ್ತಿದಳು. ಎದುರಿಗೆ ಅದೇ ಬಾಗಿಲು. ನಾನು ನಮ್ಮ ಜಗಲಿಯಿಂದ ನೋಡುತ್ತಿದ್ದೆ. ಮತ್ತೆ ಇಟ್ಟಳು, ಮತ್ತೆ ಅಂಗಳ. ಒಳಗಿದ್ದ ಮಗು ಇದೊಂದು ಆಟವೆಂದು ಕೈತಟ್ಟಿ ನಕ್ಕಿತು.

"ಅಪ್ಪಾ, ಯಾರದು?"

ಅವಳ ಗಂಡ ಮುಖ ಆಚೆ ತಿರುಗಿಸಿಕೊಂಡ. "ದಾರಿಯವಳು ಕಣಮ್ಮ. ನೀರು ಕೊಡು, ಹೋಗು."

ಮಗು ಚೊಂಬಿನಲ್ಲಿ ಅರ್ಧ ಚೆಲ್ಲಿಕೊಂಡು ನೀರು ತಂದು ಕೊಟ್ಟಿತು. "ತಕೊ, ದಾರಿಯವಳೇ," ಎಂದಿತು. ಅವಳು ಕುಡಿದಳು. ಕುಡಿಯುವಾಗ ಅತ್ತಳೋ ಏನೋ, ನಾನು ಎದ್ದು ಒಳಗೆ ಹೋದೆ. ನನ್ನ ಸಿಟ್ಟು ಅಲ್ಲಿಗೆ ಮುಗಿಯಿತು.

ಉಳಿದ ಹತ್ತು ಜನ ತಮ್ಮ ತಮ್ಮ ಮನೆಗಳನ್ನು ಮುಗಿಸಿ, 'ನಾನು' ಎಂದು ಹೇಳಿ, ಒಬ್ಬೊಬ್ಬರಾಗಿ ಒಳಗೆ ಹೋದರು. ಸೈಕಲ್ಲಿನವಳು ಎಪ್ಪತ್ತಮೂರನೆಯ ಮನೆಯಿಂದ ಇಳಿದು ಬರುವಾಗ ಗಂಜಿ ಕುಡಿದು ಕುಡಿದು ಉಸಿರು ಬಿಡಲಾರದೆ ನಗುತ್ತಿದ್ದಳು. ಓಟದವಳು ಅಜ್ಜಿಯ ಮನೆಯಲ್ಲಿ ಉಳಿದಳು. ಹಗಲೆಲ್ಲ ಬಂದು ತನ್ನ ಅಂಗಳದಲ್ಲಿ ಮಗುವಿನ ಜೊತೆ ಆಡುವಳು. ದೀಪ ಹಚ್ಚುವ ಹೊತ್ತಿಗೆ ಮಗು ಒಳಗೆ ಹೋಗುವುದು, ಇವಳು ಬೀದಿ ಇಳಿದು ಹೋಗುವಳು. ಅವಳ ಬಿಲ್ಲೆಯನ್ನು ಅಜ್ಜಿ ಮಜ್ಜಿಗೆ ಚೊಂಬಿನ ಮೇಲೆ ಮುಚ್ಚಿದ್ದಳು. ಹೇಳಿ ಮಾಡಿಸಿದ ಹಾಗೆ ಕೂರುತ್ತಿತ್ತು.

ನಾವು ಕಟುಕರಲ್ಲ. ಬೀದಿಯವರೆಲ್ಲ ಸೇರಿ ಯೋಚನೆ ಮಾಡಿದೆವು. ಓದುವವನೇ ದಾರಿ ತೋರಿಸಿದ. "ಒಂದರ ಮುಂದೆ ಒಂದು ಸೊನ್ನೆ ಹಾಕ್ಬಿಡ್ತೀನಿ. ಹತ್ತಾಗ್ತದೆ. ಹತ್ತನೇ ಮನೇಲಿ ಹೇಳೋದನ್ನ ಹೇಳ್ಲಿ, ಮನೆಗೋಗ್ಲಿ." ಪ್ರೀತಿಗಾಗಿ ಮೊದಲನೆಯವಳನ್ನು ಹತ್ತನೆಯವಳಾಗಿ ಇಳಿಸಿದ ನಾಡು ಇನ್ನೆಲ್ಲಾದರೂ ಇದೆಯೋ ಇಲ್ಲವೋ ಗೊತ್ತಿಲ್ಲ. ನಾವು ಇಳಿಸಿದೆವು. ಆ ಹತ್ತರೊಳಗೆ ನಮ್ಮ ಮನೆ ಬರದಿದ್ದರೂ ನಾನೂ ಕೈಯೆತ್ತಿದೆ.

ಮಾರನೆಯ ಬೆಳಿಗ್ಗೆ ಓಟದವಳು ಹೊಸದಾಗಿ ಮೊದಲ ಮನೆಯ ಜಗಲಿಯಲ್ಲಿ ಕೂತಳು. ಮೊದಲು ಕಾಲು, ಆಮೇಲೆ ಗಂಜಿ.

"ಮೊದಲು ಬಂದೋಳು ಎತ್ತರ ಇದ್ಲು ಅಜ್ಜಿ," ಎಂದು ಶುರುಮಾಡಿದಳು. "ನೀಲಿ ಅಂಗಿ. ಉದ್ದನೆ ಜಡೆ..."

ಅಜ್ಜಿ ಅವಳ ಬಾಯಿಗೆ ಅಂಗೈ ಅಡ್ಡ ಹಿಡಿದಳು. "ಬೇಡ ಕಣವ್ವ. ನಂಗೆ ಇಷ್ಟು ವರ್ಷ ಚೂರೇ ಸಿಕ್ಕಿರೋದು. ಆದ್ರೆ ಸಿಕ್ಕಿದ್ದೆಲ್ಲಾ ನಿಜವಾದ ಚೂರು. ಸುಳ್ಳು ಹೇಳಿ ನೀನು ಒಳಗೆ ಹೋದೆ ಅಂತಿಟ್ಕೊ, ಒಳಗೆ ಹೋದೋಳು ಯಾರು? ನಿನ್ನ ಮಗಳು ಯಾರನ್ನ ಅವ್ವ ಅನ್ಬೇಕು?"

ಓಟದವಳು ತಲೆ ತಗ್ಗಿಸಿದಳು. ಓದುವವನು ಹೋಗಿ ಸೊನ್ನೆಯನ್ನು ಉಗುರಿನಲ್ಲಿ ಕೆರೆದು ತೆಗೆದ. ಕಾಗದ ಅಲ್ಲಿ ತೂತೇ ಆಯಿತು.

ಇನ್ನೂ ಎಷ್ಟೋ ದಿನ ಹೀಗೇ ನಡೆಯಿತು. ಅಜ್ಜಿ ದಿನವೂ ಕಾಲು ತೊಳೆಯುವಳು, ಓಟದವಳು ದಿನವೂ 'ನಾನು' ಎಂದು ನಿಲ್ಲಿಸುವಳು. ಒಂದು ದಿನ ಅಜ್ಜಿ ನೀರು ಹೊಯ್ಯುತ್ತ ಅವಳ ಹೆಬ್ಬೆರಳಿನ ಕಪ್ಪುಗಟ್ಟಿದ ಉಗುರನ್ನು ಸವರಿ, ಬೇರೆ ಥರ ಕೇಳಿದಳು.

"ಅಲ್ಲವ್ವ, ಯಾಕಷ್ಟು ಅವಸರ ಮಾಡ್ದೆ? ನೀನು ಅಂಥೋಳಲ್ಲ."

ಆಗ ಅವಳಿಗೆ ಮಾತು ಬಂತು.

"ಮಂಜು ಅಜ್ಜಿ. ಬೆಳಿಗ್ಗೆ ಓಟ ಶುರುವಾದಾಗಲೇ ಮಂಜು. ಕೈ ಚಾಚಿದ್ರೆ ಕೈ ಕಾಣಲ್ಲ. ನಾನು ಯಾವಾಗ್ಲೂ ಹಿಂದೆ ನಿಂತು, ಎಲ್ರ ಬೆನ್ನೂ ಒಂದೊಂದಾಗಿ ನೆನಪಿಟ್ಕೊಂಡು ಓಡೋಳು. ಅವತ್ತು ಒಂದು ಬೆನ್ನೂ ಕಾಣ್ತಿಲ್ಲ. ನಂಗೆ ಭಯ ಆಯ್ತು. ಯಾರನ್ನೂ ನೋಡ್ದೆ ಹೋದ್ರೆ ಮನೆಮನೇಲಿ ಏನ್ ಹೇಳ್ಲಿ? ಸ್ವಲ್ಪ ಜೋರಾಗಿ ಓಡಿ ಹತ್ರ ಹೋಗಿ ನೋಡೋಣ ಅಂತ ಓಡ್ದೆ. ಒಂದು ಬೆನ್ನು ಮಂಜಲ್ಲಿ ಬಂದಂಗಾಗೋದು, ಸರಿಯಾಗಿ ನೋಡೋವಷ್ಟ್ರಲ್ಲಿ ಪಕ್ಕಕ್ಕೆ ಹೋಗ್ಬಿಡೋದು. ಹೋಗ್ಲಿ, ಮುಂದಿನೋರನ್ನ ನೋಡೋಣ ಅಂತ ಇನ್ನೂ ಜೋರಾಗಿ ಓಡ್ದೆ. ಆಮೇಲೆ ಬೆನ್ನುಗಳು ಬರೋದು ನಿಂತೋಯ್ತು. ಮುಂದಿರೋರು ತುಂಬಾ ದೂರ ಹೋಗ್ಬಿಟ್ಟವ್ರೆ ಅಂದ್ಕೊಂಡೆ. ಮುಂದೆ ಯಾರಾದ್ರೂ ಇದ್ದೇ ಇರ್ತಾರಲ್ವ ಅಜ್ಜಿ? ನಮ್ಮ ಮುಂದೆ ಯಾರೂ ಇಲ್ದೆ ಯಾವಾಗಾದ್ರೂ ಇದ್ದದ್ದುಂಟಾ?"

"ಇಲ್ಲ ಕಣವ್ವ. ಯಾವತ್ತೂ ಹಂಗಾಗಿದ್ದಿಲ್ಲ."

"ಕೊನೇಲಿ ದಾರಿಗೆ ಅಡ್ಡ ಒಂದು ಪಟ್ಟಿ ಕಟ್ಟಿತ್ತು. ಯಾರೂ ಹರಿದಿರಲಿಲ್ಲ. ಮುಂದೆ ಹೋದೋರು ಹರಿದ ಮೇಲೆ ಇನ್ಯಾವುದೋ ಆಟಕ್ಕೆ ಹೊಸದು ಕಟ್ಟವ್ರೆ, ನಾನು ಹಾಳು ಮಾಡೋದು ಬೇಡ ಅಂತ ಬಗ್ಗಿ ಅದರ ಕೆಳಗೆ ನುಸುಳಿದೆ."

ಅಜ್ಜಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತ ನಗುತ್ತ ಅತ್ತಳು. ಓಟದವಳೂ ನಕ್ಕಳು, ಅವಳೂ ಅತ್ತಳು. ಇಬ್ಬರೂ ಕೈ ಹಿಡಿದುಕೊಂಡು ಬೀದಿ ಹತ್ತಿ ಬಂದರು. ಇವತ್ತು ಆಗುತ್ತದೆ ಎಂದು ನಾವೆಲ್ಲ ಬಾಗಿಲಿಗೆ ಬಂದೆವು. ಬಲಗಾಲು ಒಳಗಿಟ್ಟಳು, ಎಡಗಾಲು ಒಳಗಿಟ್ಟಳು. ಎದುರಿಗೆ ಅದೇ ಬಾಗಿಲು.

"ಇನ್ನೊಂದ್ಸಲ, ದಾರಿಯವಳೇ!" ಎಂದಿತು ಮಗು.

ಅಜ್ಜಿ ಅಂಗಳದಲ್ಲೇ ಕುಕ್ಕರಿಸಿದಳು. "ನೀನು ಹೇಳಿದ್ದು ನೀನು ಹುಡುಕಿದೋರ ವಿಷಯ," ಎಂದಳು, ತನಗೇ ಹೇಳಿಕೊಳ್ಳುವಂತೆ. "ನಿನ್ನ ವಿಷಯ ಅಲ್ಲ. ನಿನ್ನ ಕಂಡೋರು ಯಾರಾದ್ರೂ ಬೇಕು ಕಣವ್ವ. ನಮ್ಮಲ್ಲಿ ಯಾರು ಕಂಡವ್ರೆ?"

ಯಾರೂ ಕಂಡಿರಲಿಲ್ಲ. ನಮ್ಮವರಲ್ಲಿ ದೂರದ ಓಟಕ್ಕೆ ಹೋದವಳು ಅವಳೊಬ್ಬಳೇ. ಲೋಕದ ಬೆನ್ನುಗಳನ್ನೆಲ್ಲ ನೂರಾ ನಾಲ್ಕು ಮನೆಯಲ್ಲಿ ತುಂಬಿಟ್ಟುಕೊಂಡ ನಮಗೆ, ನಮ್ಮವಳೊಬ್ಬಳ ಬೆನ್ನು ಯಾರ ಕಣ್ಣಲ್ಲಿದೆ ಎಂದು ಗೊತ್ತಿರಲಿಲ್ಲ. ಅವತ್ತು ಬೀದಿಯಲ್ಲಿ ಯಾರಿಗೂ ಊಟ ರುಚಿಸಲಿಲ್ಲ.

ಇದಾಗಿ ಹತ್ತು ಹನ್ನೆರಡು ದಿನಕ್ಕೆ, ಮಧ್ಯಾಹ್ನದ ದೋಣಿಯಿಂದ ಒಬ್ಬ ಹೊರನಾಡಿನ ಹೆಂಗಸು ಇಳಿದಳು. ಎತ್ತರದ ಆಳು, ಕತ್ತರಿಸಿದ ಕೂದಲು, ಕೈಯಲ್ಲಿ ಸಣ್ಣ ಚೀಲ. ಕಟ್ಟೆಯ ಮೇಲೆ ನಿಂತು ಮೊದಲ ಮನೆ ಯಾವುದು ಎಂದು ಕೇಳಿದಳು. ಯಾವ ಭಾಷೆಯಲ್ಲಿ ಕೇಳಿದಳೋ ಯಾರಿಗೂ ನೆನಪಿಲ್ಲ. ಎಲ್ಲರಿಗೂ ಅರ್ಥವಾಯಿತು.

ಅಜ್ಜಿಯ ಜಗಲಿಯಲ್ಲಿ ಓಟದವಳು ಅಕ್ಕಿ ಆರಿಸುತ್ತಿದ್ದಳು. ತಲೆಯೆತ್ತಿ ನೋಡಿ ಮೊರ ಕೆಳಗಿಟ್ಟಳು.

"ಇವಳು ಎರಡನೆಯವಳು ಅಜ್ಜಿ," ಎಂದಳು. "ಓಟ ಮುಗಿದ ಮೇಲೆ ನಾನು ಬಂದಬಂದೋರನ್ನೆಲ್ಲ ಕೇಳ್ದೆ, ನಿನ್ನ ಮುಂದೆ ಯಾರಿದ್ರು ಅಂತ. ಇವಳು ನನ್ನ ಕಡೆ ಬೆರಳು ಮಾಡಿದ್ಲು. ನನ್ನ ಮುಂದೆ ಯಾರು ಅಂತ ಕೇಳ್ದೆ. ಯಾರೂ ಇಲ್ಲ ಅಂದ್ಲು. ಇನ್ನು ನಾನು ಮನೆಗೆ ಹೋಗೋದು ಹ್ಯಾಗೆ ಅಂತ ಇವಳ ಮುಂದೇನೇ ಅತ್ತಿದ್ದು."

"ಅದಕ್ಕೇ ಬಂದೆ," ಎಂದಳು ಹೊರನಾಡಿನವಳು. "ಇಲ್ಲಿಯ ಕಟ್ಟಳೆಯನ್ನು ಇವಳು ಹೇಳಿದಳು. ಎರಡನೆಯವಳಿಗೆ ಎರಡು ಮನೆ ಅಲ್ಲವೇ?"

ಅಜ್ಜಿ ಎದ್ದು ಒಳಗೆ ಹೋದಳು. ನೀರು ಕಾಯಿಸಿದಳು. ಮೊದಲು ಕಾಲು. ಹೊರನಾಡಿನವಳ ಕಾಲು ಓಟದವಳ ಕಾಲಿನಂತೆಯೇ ಇತ್ತು, ಅದೇ ಹೆಬ್ಬೆರಳಿನ ಉಗುರು ಕಪ್ಪುಗಟ್ಟಿತ್ತು. ಆಮೇಲೆ ಗಂಜಿ. ಅವಳು ಉಪ್ಪು ಕೇಳಿದಳು, ಅಜ್ಜಿ ಉಪ್ಪಿನಕಾಯಿಯನ್ನೇ ಹಾಕಿದಳು. ಅಷ್ಟರಲ್ಲಿ ಬೀದಿಯೆಲ್ಲ ಇಳಿದು ಬಂದು ಅಂಗಳದಲ್ಲಿ ಕೂತಿತ್ತು. ಆಮೇಲೆ ಮಾತು.

"ಮೊದಲು ಬಂದವಳ ಬಗ್ಗೆ ಹೇಳುತ್ತೇನೆ," ಎಂದಳು ಹೊರನಾಡಿನವಳು. "ನಾನು ಒಂಬತ್ತು ದೊಡ್ಡ ಓಟಗಳಲ್ಲಿ ಮೊದಲು ಬಂದವಳು. ನನಗೆ ಬೆನ್ನು ನೋಡಿ ಅಭ್ಯಾಸವಿಲ್ಲ. ನನ್ನ ಮುಂದೆ ಇರುತ್ತಿದ್ದದ್ದು ಬರೀ ರಸ್ತೆ. ಅವತ್ತು ಮಂಜಿನಲ್ಲಿ ಯಾರೋ ನನ್ನ ಪಕ್ಕದಿಂದ ಹಾದು ಮುಂದೆ ಹೋದರು. ನನಗೆ ಒಂದು ಬೆನ್ನು ಕಂಡಿತು. ಅಂಗಿಯ ಹಿಂದೆ ಒಂದು ಗುಂಡಿ ಬಿಚ್ಚಿಹೋಗಿತ್ತು. ಕುತ್ತಿಗೆಯ ಬುಡದಲ್ಲಿ ಬೆವರಿಗೆ ಕೂದಲು ಅಂಟಿಕೊಂಡಿತ್ತು. ಎಡಭುಜ ಸ್ವಲ್ಪ ತಗ್ಗು, ಮಗುವನ್ನು ಎತ್ತಿ ಎತ್ತಿ ಹಾಗಾಗಿರಬೇಕು."

ಓಟದವಳು ತನ್ನ ಎಡಭುಜ ಮುಟ್ಟಿ ನೋಡಿಕೊಂಡಳು.

"ಗೆಲ್ಲಲು ಓಡುವವರು ಹೇಗೆ ಓಡುತ್ತಾರೆ ಎಂದು ನನಗೆ ಗೊತ್ತು. ಇವಳು ಹಾಗೆ ಓಡುತ್ತಿರಲಿಲ್ಲ. ನಾಲ್ಕು ಹೆಜ್ಜೆಗೊಮ್ಮೆ ಕತ್ತು ಉದ್ದ ಮಾಡಿ ಮುಂದೆ ನೋಡುತ್ತಿದ್ದಳು. ಸಂತೆಯಲ್ಲಿ ಕೈ ತಪ್ಪಿದ ಮಗುವನ್ನು ಹುಡುಕುವವರು ಹಾಗೆ ನೋಡುತ್ತಾರೆ. ಇವಳು ನಮ್ಮಿಂದ ಓಡಿಹೋಗುತ್ತಿಲ್ಲ, ಯಾರನ್ನೋ ಹುಡುಕುತ್ತಿದ್ದಾಳೆ ಎಂದು ನನಗೆ ತಿಳಿಯಿತು. ನಾನು ಓಟ ಮರೆತೆ. ಇವಳಿಗೆ ಸಿಗುವುದು ಯಾರು ಎಂದು ನೋಡಬೇಕೆನ್ನಿಸಿ ಹಿಂದೆ ಹಿಂದೆ ಬಂದೆ. ಕೊನೆಗೆ ಪಟ್ಟಿಯ ಹತ್ತಿರ ಇವಳು ನಿಂತಳು. ಅದನ್ನು ಎರಡು ಬೆರಳಿನಲ್ಲಿ ಮೆಲ್ಲಗೆ ಎತ್ತಿ, ಬಗ್ಗಿ, ಆಚೆ ಹೋದಳು. ಅಷ್ಟು ಮರ್ಯಾದೆಯಿಂದ ಗೆದ್ದವರನ್ನು ನಾನು ಕಂಡಿಲ್ಲ. ಇವಳೇ ಮೊದಲನೆಯವಳು. ನಾನು ಕಣ್ಣಾರೆ ನೋಡಿದ್ದೇನೆ."

ಅಜ್ಜಿ ಕಣ್ಣು ಒರೆಸಿಕೊಳ್ಳುವ ಗೋಜಿಗೂ ಹೋಗಲಿಲ್ಲ. "ಹೊಟ್ಟೆ ತುಂಬ್ತು ಕಣವ್ವ," ಎಂದಳು. ಗಂಜಿ ಕುಡಿದವಳು ಹೊರನಾಡಿನವಳು, ಹೊಟ್ಟೆ ತುಂಬಿದ್ದು ಅಜ್ಜಿಯದ್ದು.

"ನನ್ನದೂ ಒಂದಿದೆ," ಎಂದಳು ಹೊರನಾಡಿನವಳು, ದನಿ ತಗ್ಗಿಸಿ. "ಒಂಬತ್ತು ಸಲವೂ ನಮ್ಮೂರಲ್ಲಿ ಹೂವು ಎರಚಿ ಮನೆಯವರೆಗೆ ಬಿಟ್ಟು ಹೋದರು. ಒಂಬತ್ತು ಸಲವೂ ಒಳಗೆ ಹೋದೆ. ಆದರೆ ಒಳಗೆ ಹೋದ ಹಾಗೆ ಒಂದು ಸಲವೂ ಆಗಲಿಲ್ಲ. ಇನ್ನೂ ಬಾಗಿಲಲ್ಲೇ ನಿಂತಿದ್ದೇನೆ ಅನ್ನಿಸುತ್ತಿತ್ತು. ಯಾಕೆ ಎಂದು ಇವಳು ಅತ್ತ ದಿನ ಗೊತ್ತಾಯಿತು."

"ಏಳು," ಎಂದಳು ಅಜ್ಜಿ. "ಎರಡನೇ ಮನೇಲಿ ನೀರು ಕಾದದೆ. ಅಲ್ಲಿ ಹೋಗಿ ನಾನು ಅನ್ನು."

ಎರಡನೆಯ ಮನೆಯವರು ಆಗಲೇ ಬಾಗಿಲಲ್ಲಿ ನಿಂತಿದ್ದರು. ಅವಳು ಹೋಗಿ ಕೂತು, ಕಾಲು ಚಾಚಿ, ಗಂಜಿ ಕುಡಿದು, "ನಾನು ಎರಡನೆಯವಳು, ನನ್ನ ಮುಂದೆ ಒಬ್ಬಳಿದ್ದಳು," ಎಂದು ಶುರುಮಾಡಿದ್ದು ಬೀದಿಗೆಲ್ಲ ಕೇಳಿಸಿತು. ಎಷ್ಟು ಖುಷಿಯಿಂದ ಹೇಳಿದಳೆಂದರೆ, ಎರಡನೆಯ ಮನೆಯವರು ಇನ್ನೊಂದು ಬಟ್ಟಲು ಹಾಕಿದರಂತೆ. ಅದನ್ನು ಪೂರ್ತಿ ಕೇಳಲು ನಾನು ನಿಲ್ಲಲಿಲ್ಲ. ಓಟದವಳು ಬೀದಿ ಹತ್ತುತ್ತಿದ್ದಳು, ನಾನು ಅವಳ ಹಿಂದೆ ಹೊರಟೆ.

ಅವಳು ಓಡಲಿಲ್ಲ. ಮೂವತ್ತೊಂದು ಮನೆಗಳ ಮುಂದೆ ಹಾದು ನಿಧಾನವಾಗಿ ನಡೆದಳು. ನಾನು ನಮ್ಮ ಜಗಲಿಗೆ ಬಂದು ಕಂಬ ಹಿಡಿದು ನಿಂತೆ. ಎದುರಿನ ಬಾಗಿಲು ಹಾರು ಹೊಡೆದಿತ್ತು. ಅವಳ ಗಂಡ ಹಿತ್ತಲಲ್ಲಿ ನೀರು ಸೇದುತ್ತಿದ್ದ ಸದ್ದು ಬರುತ್ತಿತ್ತು. ಮಗು ಪಡಸಾಲೆಯ ನಡುವೆ ಬಾಗಿಲಿಗೆ ಬೆನ್ನು ಹಾಕಿ ಕೂತು, ಬೂರುಗದ ಕಾಯಿ ಬಿಡಿಸಿ ಹತ್ತಿ ಗುಡ್ಡೆ ಹಾಕುತ್ತಿತ್ತು.

ಓಟದವಳು ಬಲಗಾಲು ಒಳಗಿಟ್ಟಳು. ಎಡಗಾಲು ಒಳಗಿಟ್ಟಳು. ಕಣ್ಣೆತ್ತಲು ಅವಳಿಗೆ ಧೈರ್ಯ ಸಾಲಲಿಲ್ಲ, ತಲೆ ತಗ್ಗಿಸಿಕೊಂಡೇ ನಿಂತಳು. ಆಮೇಲೆ ಎತ್ತಿದಳು. ಎದುರಿಗೆ ಬಾಗಿಲಿರಲಿಲ್ಲ. ಒಂದು ಪುಟ್ಟ ಬೆನ್ನಿತ್ತು. ಅಂಗಿ ಹೆಗಲಿನಿಂದ ಜಾರಿ, ಬೆನ್ನೆಲುಬಿನ ಮಣಿಗಳು ಎಣಿಸುವಂತೆ ಕಾಣುತ್ತಿದ್ದವು. ಮಂಜಿನಲ್ಲಿ ಅಷ್ಟು ದೂರ ಓಡಿದವಳು ಅಲ್ಲೇ ನಿಂತು ಅದನ್ನು ನೋಡಿದಳು. ಎಷ್ಟು ಹೊತ್ತು ನೋಡಿದಳು ಎಂದರೆ, ನಿಂತು ನಿಂತು ನನ್ನ ಕಾಲು ನೋಯತೊಡಗಿತು.

ಮಗು ತಿರುಗಲಿಲ್ಲ. ಹತ್ತಿಯ ಗುಡ್ಡೆಗೆ ಎರಡೂ ಕೈ ಅಡ್ಡ ಹಿಡಿದುಕೊಂಡು ಹೇಳಿತು:

"ಅವ್ವಾ, ಬಾಗ್ಲು ಹಾಕು. ಗಾಳಿ ಬರ್ತದೆ."